ಆರನೆಯ ಬೆರಳು

"ಇದರಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಯಿಸ್ಬೇಡಿ. ಹೀಗೇ ಪ್ರಿಂಟಿಗೆ ಹೋಗ್ಲಿ," ಎಂದರು ಹಾಸಿಗೆ ಸಾಹುಕಾರರು.

ಬೇರೆ ಯಾವ ಡಿಸೈನರ್ ಆಗಿದ್ದರೂ ಈ ಮಾತು ಕೇಳಿ ಅಲ್ಲೇ ಕುಣಿದುಬಿಡುತ್ತಿದ್ದ. ಲೇಬಲ್ಲಪ್ಪನ ಮುಖ ಮಾತ್ರ ಚಹಾದಲ್ಲಿ ಬಿದ್ದ ಬಿಸ್ಕತ್ತಿನಂತೆ ಮೆತ್ತಗಾಯಿತು.

"ಇನ್ನೊಂದ್ಸಲ ನೋಡಿ ಸಾರ್. ಅವಸರ ಏನಿಲ್ಲ."

"ನೋಡ್ದೆನಲ್ರೀ."

"ಅಲ್ಲ, ಕೆಳಗಡೆ... ಹೊದಿಕೆ ಮುಗಿಯೋ ಕಡೆ..."

"ತಲೆಯಿಂದ ಕಾಲಿನ ತನಕ ನೋಡ್ದೆ," ಎಂದ ಸಾಹುಕಾರರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಇವರು ಕನ್ನಡಕದ ನಂಬರು ಬದಲಾಯಿಸಿ ಯಾವ ಕಾಲವಾಯಿತೋ ಎಂದುಕೊಂಡ ಲೇಬಲ್ಲಪ್ಪ. ಅಷ್ಟರಲ್ಲಿ ಸಾಹುಕಾರರು ಚಿತ್ರದ ಮೂಲೆಯಲ್ಲಿ ದೊಡ್ಡದಾಗಿ ಸಹಿ ಮಾಡಿ, ಅದನ್ನು ಪ್ರೆಸ್ಸಿಗೆ ಕಳಿಸಿಯೇಬಿಟ್ಟರು. "ಈ ವರ್ಷ ಪೂರ್ತಿ ನಮ್ಮ ಕೆಲಸ ಎಲ್ಲಾ ನಿಮ್ಗೇ. ಲೇಬಲ್ಲು, ಬೋರ್ಡು, ಚೀಲ, ಎಲ್ಲಾ. ಇವತ್ತು ಲೇಬಲ್ಲು ಬರ್ಲಿ, ಒಪ್ಪಂದದ ಕಾಗದಕ್ಕೂ ಸಹಿ ಹಾಕೋಣ."

ಚಿತ್ರದಲ್ಲಿ ಇದ್ದದ್ದಿಷ್ಟು. ಒಂದು ಕಿಟಕಿ, ಆಚೆ ಕುಡುಗೋಲಿನಂಥ ಚಂದ್ರ, ಈಚೆ ಹಾಸಿಗೆಯ ಮೇಲೆ ಲೋಕದ ಪರಿವೆಯಿಲ್ಲದೆ ಮಲಗಿದ ಮೀಸೆಯ ಮನುಷ್ಯ. ಹೊದಿಕೆ ಸ್ವಲ್ಪ ಗಿಡ್ಡ. ಅದರಿಂದ ಹೊರಗೆ ಚಾಚಿದ್ದು ಅವನ ಎಡಗಾಲು. ಆ ಕಾಲಿಗೆ ಆರು ಬೆರಳು.

ಆರನೆಯ ಬೆರಳು ಕೈತಪ್ಪಿ ಬಂದದ್ದಲ್ಲ. ಲೇಬಲ್ಲಪ್ಪ ಯೋಚಿಸಿ, ನೆರಳು ಕೊಟ್ಟು, ಉಗುರಿಗೆ ಹೊಳಪು ಕೊಟ್ಟು ಬರೆದದ್ದು.

ಇದು ಅವನ ಕಸುಬಿನ ಗುಟ್ಟು. ಉಪ್ಪಿನಕಾಯಿಯ ಶೀಶೆಯಿಂದ ಹಿಡಿದು ಸೊಳ್ಳೆ ಬತ್ತಿಯ ಡಬ್ಬಿಯವರೆಗೆ ಎಲ್ಲದಕ್ಕೂ ಲೇಬಲ್ಲು ಬರೆದು ಬೀದಿಯವರ ಬಾಯಲ್ಲಿ ಲೇಬಲ್ಲಪ್ಪನೇ ಆಗಿಹೋಗಿದ್ದ ಅವನಿಗೆ ಕೆಲಸಕ್ಕೆ ಬರವಿರಲಿಲ್ಲ. ಬರವಿದ್ದದ್ದು ಲಾಭಕ್ಕೆ. ಬೆಲೆ ಮೊದಲೇ ಹೇಳುವುದನ್ನು ಕಲಿತ, ಮುಂಗಡ ಕೇಳುವುದನ್ನು ಕಲಿತ, ನೆಂಟರಿಗೂ ಬಿಲ್ಲು ಕೊಡುವುದನ್ನು ಬೆವರುತ್ತ ಕಲಿತ. ಆದರೂ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ದಿನ ಕುಳಿತು ಯೋಚಿಸಿದಾಗ ತಿಳಿಯಿತು, ತನ್ನನ್ನು ತಿನ್ನುತ್ತಿರುವುದು ತಿದ್ದುಪಡಿ. ಜ್ಯೂಸ್ ಅಂಗಡಿಯವರು ಕಿತ್ತಳೆ ಹಣ್ಣು ದೊಡ್ಡದಾಗಲಿ ಎಂದರು, ಆಯಿತು. ಎಲೆ ಚಿಕ್ಕದಾಗಲಿ ಎಂದರು, ಆಯಿತು. ಹಣ್ಣು ನಗಲಿ ಎಂದರು, ನಗಿಸಿದ. ಅಷ್ಟು ನಗುವುದು ಬೇಡ ಎಂದರು. ಕೊನೆಗೆ ಅವರ ಷಡ್ಡಕ ಬಂದು, "ಮೊದಲನೇದೇ ಚೆನ್ನಾಗಿತ್ತಲ್ಲ," ಎಂದ. ಆ ಒಂದು ಕಿತ್ತಳೆಗೆ ಹೋದ ಹೊತ್ತಿನಲ್ಲಿ ತೋಟವನ್ನೇ ಬೆಳೆಸಬಹುದಿತ್ತು.

ಆಮೇಲೆ ಹಲ್ಲಿನ ಡಾಕ್ಟರ ಬೋರ್ಡು ಬರೆಯುವಾಗ ಅದೃಷ್ಟ ಖುಲಾಯಿಸಿತು. ಹಲ್ಲಿನ ಸಾಲಿನಲ್ಲಿ ಒಂದಕ್ಕೆ ಬಿಳಿ ಬಣ್ಣ ಹಚ್ಚುವುದು ಮರೆತುಹೋಗಿ ಅದು ಬೋರ್ಡಿನಂತೆಯೇ ಕರ್ರಗೆ ಉಳಿದಿತ್ತು. ಡಾಕ್ಟರು ಅದನ್ನು ಕಂಡುಹಿಡಿದು ಎಷ್ಟು ಖುಷಿಯಾದರೆಂದರೆ, ಬೋರ್ಡಿನ ಬೇರೆ ಯಾವುದನ್ನೂ ಮುಟ್ಟಲೇ ಇಲ್ಲ. "ನಾನು ನೋಡ್ದೇ ಇದ್ದಿದ್ರೆ ಏನ್ ಗತಿ?" ಎಂದು ಬೆನ್ನು ತಟ್ಟಿ, ಪೂರ್ತಿ ಹಣ ಕೊಟ್ಟು ಕಳಿಸಿದರು. ದುಡ್ಡು ಕೊಡುವವನಿಗೆ ಒಂದು ತಪ್ಪು ಹುಡುಕಿದ ತೃಪ್ತಿ ಬೇಕು, ಅದು ಸಿಕ್ಕರೆ ಉಳಿದದ್ದಕ್ಕೆ ಕೈಹಾಕುವುದಿಲ್ಲ ಎಂದು ಲೇಬಲ್ಲಪ್ಪನಿಗೆ ಅವತ್ತು ಹೊಳೆಯಿತು. ಅಂದಿನಿಂದ ಸೈಕಲ್ ಅಂಗಡಿಯ ಚಿತ್ರಕ್ಕೆ ಪೆಡಲ್ ಇರಲಿಲ್ಲ, ಕ್ಷೌರದಂಗಡಿಯ ಕತ್ತರಿಗೆ ಒಂದೇ ಹಿಡಿ. ಗಿರಾಕಿ ಕಂಡುಹಿಡಿಯುತ್ತಿದ್ದ, ಇವನು "ಅಬ್ಬಾ, ಕಣ್ಣು ಅಂದ್ರೆ ನಿಮ್ಮದು!" ಎನ್ನುತ್ತಿದ್ದ, ಎರಡೇ ನಿಮಿಷದಲ್ಲಿ ತಿದ್ದಿದ ಚಿತ್ರವನ್ನು ಮರುದಿನ ಕೊಡುತ್ತಿದ್ದ. ಕಸುಬು ಲಾಭದ ಮುಖ ಕಂಡದ್ದೇ ಹಾಗೆ.

ತಪ್ಪು ಇಟ್ಟು ಅದು ಯಾರಿಗೂ ಕಾಣದೇ ಹೋದದ್ದು ಇದೇ ಮೊದಲು.

* * *

"ಒಪ್ಕೊಂಡ್ರಾ?" ಎಂದಳು ಹೆಂಡತಿ, ಹೊಲಿಗೆಯಂತ್ರದಿಂದ ತಲೆ ಎತ್ತದೆ.

"ಒಪ್ಕೊಂಡ್ರು."

"ಮತ್ತೆ ಯಾಕ್ರೀ ಕರೆಂಟ್ ಹೋದ ಮನೆ ಥರ ಇದೀರ?"

ಒಂದೇ ಕೋಣೆಯಲ್ಲಿ ಒಂದು ಕಡೆ ಅವಳ ಯಂತ್ರ, ಇನ್ನೊಂದು ಕಡೆ ಇವನ ಮೇಜು. ಇವನ ಕಾಗದದ ಮೇಲೆ ಅವಳ ದಾರ, ಅವಳ ಬಟ್ಟೆಯ ಮೇಲೆ ಇವನ ಬಣ್ಣ. ಬೀದಿಯ ತಿರುವಿನಲ್ಲಿ ಖಾಲಿಯಾದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಹೊರಗೆ ಬೋರ್ಡು ಹಾಕಬೇಕೆಂಬುದು ಅವನ ಆಸೆ. ಸಾಹುಕಾರರ ವರ್ಷದ ಕೆಲಸ ಸಿಕ್ಕರೆ ಕೋಣೆ. ಸಿಗದಿದ್ದರೆ ಮುಂದಿನ ತಿಂಗಳಿಂದ ಹೆಂಡತಿಯ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು ಬೋಲ್ಟು ತೂಗುವ ಕೆಲಸ. ಹಾಗೆಂದು ಭಾವನಿಗೆ ಇವನೇ ಮಾತು ಕೊಟ್ಟಾಗಿತ್ತು.

ಅವನು ಎಲ್ಲವನ್ನೂ ಹೇಳಿ ಮನೆಯಲ್ಲಿದ್ದ ಚಿತ್ರದ ಪ್ರತಿಯನ್ನು ಮೇಜಿನ ಮೇಲೆ ಹರಡಿದ. ಹೆಂಡತಿ ಎದ್ದು ಬಂದು ನೋಡಿದಳು.

"ನಿಮ್ಮ ದೃಷ್ಟಿಬೊಟ್ಟು ಈ ಸಲ ಮುಖಕ್ಕಿಂತ ದೊಡ್ಡದಾಯ್ತು ನೋಡಿ. ಹೋಗಿ ನಿಜ ಹೇಳ್ಬಿಡಿ."

"ಏನಂತ ಹೇಳ್ಲಿ? ನಿಮ್ಮನ್ನ ಮಂಗ ಮಾಡೋಕೆ ಒಂದು ಬೆರಳು ಬರ್ದಿದ್ದೆ, ನೀವು ಮಂಗ ಆಗ್ಲಿಲ್ಲ ಅಂತಾನಾ?"

"ಕೈತಪ್ಪಿ ಬಂತು ಅನ್ನಿ."

"ಒಂದು ಕಾಲಿನ ಬೆರಳು ಎಣಿಸೋಕೆ ಬರ್ದೇ ಇರೋನಿಗೆ ವರ್ಷದ ಕೆಲಸ ಯಾರು ಕೊಡ್ತಾರೆ?"

ಹೆಂಡತಿ ಸ್ವಲ್ಪ ಯೋಚಿಸಿದಳು. "ರೀ, ಅವರ ಕಾಲಿಗೇ ಆರು ಬೆರಳಿದೆಯೇನೋ. ಅದಕ್ಕೇ ಸರಿಯಾಗಿ ಕಂಡಿರ್ಬೇಕು."

"ಇಲ್ವೇ. ಹೋದ ವಾರ ಅಂಗಡೀಲಿ ಹಾಸಿಗೆ ಮೇಲೆ ಮಲಗಿ ತೋರಿಸಿದ್ರಲ್ಲ, ಎರಡೂ ಪಾದ ನನ್ನ ಮೂಗಿನ ಮುಂದೇನೇ ಇತ್ತು. ಐದೈದೇ. ಅವರಿಗೆ ಕಂಡೇ ಇಲ್ಲ, ಅಷ್ಟೇ."

ಆ ಹೊತ್ತಿಗೆ ಮೇಲ್ಮನೆಯ ಮೇಷ್ಟ್ರು ದಿನಪತ್ರಿಕೆ ಕೇಳಿಕೊಂಡು ಇಳಿದು ಬಂದರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಲೇಬಲ್ಲಪ್ಪನಿಗೆ ಒಂದು ಆಸೆ ಮೂಡಿತು. ಇಷ್ಟು ಓದಿದವರಿಗೂ ಕಾಣದಿದ್ದರೆ ಲೋಕಕ್ಕೂ ಕಾಣಲಿಕ್ಕಿಲ್ಲ.

"ಮೇಷ್ಟ್ರೇ, ಇದರಲ್ಲಿ ಏನಾದ್ರೂ ತಪ್ಪಿದೆಯಾ, ಸ್ವಲ್ಪ ನೋಡಿ ಹೇಳಿ."

ನಿವೃತ್ತ ಮೇಷ್ಟ್ರನ್ನು ಹೀಗೆ ಕೇಳುವುದೆಂದರೆ ಹಸಿದವನ ಮುಂದೆ ತುಂಬಿದ ತಟ್ಟೆ ಇಟ್ಟ ಹಾಗೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ಚಂದ್ರ ಈ ಕಡೆ ಬಾಗಿದಾನೆ. ಅಂದ್ರೆ ಸೂರ್ಯ ಮುಳುಗಿ ಇನ್ನೂ ಜಾಸ್ತಿ ಹೊತ್ತಾಗಿಲ್ಲ. ಇಷ್ಟು ಬೇಗ ಮಲಗಿದಾನಲ್ಲ, ಇವನಿಗೆ ಕೆಲಸ ಕಾರ್ಯ ಇಲ್ವಾ?"

"ಇರ್ಲಿ ಮೇಷ್ಟ್ರೇ, ಬೇರೆ?"

"ಪರದೆ ಒಳಗಡೆ ಹಾರ್ತಿದೆ. ಅಂದ್ರೆ ಗಾಳಿ ಒಳಗೆ ಬರ್ತಿದೆ. ಆದ್ರೆ ಇವನ ಮೀಸೆ ಅಲ್ಲಾಡ್ತಿಲ್ಲ."

"ಮೀಸೆ ಬಿಡಿ. ಕಾಲು?"

"ಕಾಲಿಗೇನಾಗಿದೆ? ಕಾಲು ಕಾಲಿನ ಹಾಗೇ ಇದೆ."

ಲೇಬಲ್ಲಪ್ಪನಿಗೆ ಹೋದ ಜೀವ ಅರ್ಧ ಬಂತು. ಉಳಿದರ್ಧ ದಾರಿಯಲ್ಲಿರುವಾಗಲೇ, ಹೊಲಿಯಲು ಕೊಟ್ಟ ಬಟ್ಟೆ ಕೇಳಿಕೊಂಡು ಪಕ್ಕದ ಮನೆಯ ನರ್ಸಕ್ಕ ಒಳಗೆ ಬಂದರು. ಅವರಿಗೆ ಹೆರಿಗೆ ವಾರ್ಡಿನಲ್ಲಿ ಕೆಲಸ. ಯಾವ ದೇಹ ಕಂಡರೂ ಮೊದಲು ಬೆರಳೆಣಿಸುವುದು ಅಲ್ಲಿಂದ ಅಂಟಿಕೊಂಡ ಅಭ್ಯಾಸ.

"ಅಯ್ಯೋ! ಇದೇನಿದು, ಎಡಗಾಲಿಗೆ ಆರು?"

"ನಾನೂ ನೋಡಿದ್ದೆ," ಎಂದರು ಮೇಷ್ಟ್ರು ಥಟ್ಟನೆ. "ಹೇಳ್ಲಿಲ್ಲ ಅಷ್ಟೇ."

"ಇದು ಅಂಗಡಿಗೆ ಹೋಗೋ ಲೇಬಲ್ಲಾ? ಒಳ್ಳೇ ಕತೆ ಆಯ್ತು! ಈ ಹಾಸಿಗೆ ಮೇಲೆ ಮಲಗಿದ್ರೆ ಬೆಳಗಾಗೋಷ್ಟರಲ್ಲಿ ಒಂದು ಬೆರಳು ಜಾಸ್ತಿ ಬರುತ್ತೆ ಅಂತ ಜನ ಆಡ್ಕೊಳ್ಳಲ್ವಾ?"

"ಚಪ್ಪಲಿ ಅಂಗಡಿಯವರಿಗೆ ಲಾಭ," ಎಂದರು ಮೇಷ್ಟ್ರು.

"ನಗಬೇಡಿ ಮೇಷ್ಟ್ರೇ. ನಮ್ಮ ವಾರ್ಡಲ್ಲಿ ಹೇಳಿದ್ರೆ ಸಾಕು, ಸಾಯಂಕಾಲದೊಳಗೆ ಊರಿಗೆಲ್ಲಾ ಗೊತ್ತಾಗುತ್ತೆ."

"ಅಕ್ಕಾ, ದಯವಿಟ್ಟು ಹೇಳ್ಬೇಡಿ," ಎಂದ ಲೇಬಲ್ಲಪ್ಪ.

"ನಾನ್ಯಾಕೆ ಹೇಳ್ಲಿ? ಇಬ್ಬರಿಗೋ ಮೂವರಿಗೋ ಹೇಳಬಹುದು, ಅಷ್ಟೇ."

ಇಡೀ ಊರು ತನ್ನ ಎಡಗಾಲಿನ ಚಪ್ಪಲಿ ಕಳಚಿ ಬೆರಳೆಣಿಸಿಕೊಳ್ಳುತ್ತಿರುವ ದೃಶ್ಯ ಲೇಬಲ್ಲಪ್ಪನ ಕಣ್ಣ ಮುಂದೆ ಹಾದುಹೋಯಿತು. ಅದರ ಹಿಂದೆಯೇ ಸಾಹುಕಾರರ ಕೆಂಡದಂಥ ಮುಖ, ಅದರ ಹಿಂದೆ ಭಾವನ ತಕ್ಕಡಿ. ಅವನು ಚಪ್ಪಲಿ ಮೆಟ್ಟಿದವನೇ ಪ್ರೆಸ್ಸಿನ ಕಡೆ ಓಡಿದ.

* * *

ಪ್ರೆಸ್ಸಿನ ಯಜಮಾನರು ಅವಸರ ಎಂಬ ಪದವನ್ನು ಛಾಪಿಸಿದ್ದರೇ ಹೊರತು ಎಂದೂ ಬಳಸಿದವರಲ್ಲ. ಯಂತ್ರಕ್ಕೆ ಮಸಿ ತುಂಬಿ, ಕೈ ಒರೆಸಿಕೊಂಡು, ಇವನ ಮಾತನ್ನೆಲ್ಲ ಕೇಳಿಸಿಕೊಂಡರು.

"ಆಗಲ್ಲ," ಎಂದರು. "ಸಾಹುಕಾರ್ರು ಸಹಿ ಹಾಕಿದಾರೆ. ಸಹಿ ಬಿದ್ದ ಮೇಲೆ ನಮ್ಮಲ್ಲಿ ಒಂದು ಚುಕ್ಕೆನೂ ಅಲ್ಲಾಡಲ್ಲ."

"ಚುಕ್ಕೆ ಅಲ್ಲಾಡಿಸಿ ಅಂತ ನಾನೂ ಕೇಳ್ತಿಲ್ಲ ಯಜಮಾನ್ರೇ. ಬೆರಳು ತೆಗೀರಿ ಅಂತಿದೀನಿ."

"ಅವರು ಬಂದು ಕೇಳಿದ್ರೆ?"

"ಕೇಳಲ್ಲ. ಆರಿದ್ದಾಗ ಕಾಣದೇ ಇದ್ದವರಿಗೆ ಐದಿದ್ರೆ ಕಾಣುತ್ತಾ?"

ಯಜಮಾನರು ಈ ತರ್ಕವನ್ನು ಬಾಯಲ್ಲಿ ಹಾಕಿಕೊಂಡು ನಿಧಾನಕ್ಕೆ ಅಗಿದರು.

"ಅದೂ ನಿಜವೇ. ಆದ್ರೆ ನನ್ನ ಅರ್ಧ ಕೆಲಸ ಬರೋದು ಅವರಿಂದ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನನ್ನ ಹೆಸರು ಹೇಳಿ."

"ಹೇಳಲ್ಲ," ಎಂದರು ಯಜಮಾನರು. "ಹಂಗೆ ಇನ್ನೊಬ್ಬರ ಹೆಸರು ಹೇಳೋ ಪೈಕಿ ಅಲ್ಲ ನಾನು. ಕೂತ್ಕೊಳ್ಳಿ, ನೀವೇ ತೆಗೀರಿ."

ಲೇಬಲ್ಲಪ್ಪ ಅಲ್ಲಿನ ಕಂಪ್ಯೂಟರಿನ ಮುಂದೆ ಕುಳಿತ. ತಾನೇ ಮುದ್ದಾಗಿ ಬರೆದ ಬೆರಳು. ನೆರಳಿನ ಸಮೇತ, ಉಗುರಿನ ಹೊಳಪಿನ ಸಮೇತ ಅದನ್ನು ನಾಜೂಕಾಗಿ ಅಳಿಸಿದ. ಗಾಯದ ಗುರುತೂ ಉಳಿಯಲಿಲ್ಲ. ನರ್ಸಕ್ಕ ನೋಡಿದ್ದರೆ ಮೆಚ್ಚುತ್ತಿದ್ದರು. ಯಂತ್ರ ಗಡಗಡ ಎಂದು ಐದು ಬೆರಳಿನ ಮನುಷ್ಯರನ್ನು ಒಬ್ಬರ ಮೇಲೊಬ್ಬರಂತೆ ಉದುರಿಸತೊಡಗಿದಾಗ, ಅವನಿಗೆ ಜೋಗುಳ ಕೇಳಿದಷ್ಟು ಹಿತವಾಯಿತು.

ಮನೆಗೆ ಬಂದು ಹೊಟ್ಟೆ ತುಂಬ ಉಂಡ. ತಿರುವಿನ ಕೋಣೆಗೆ ಹಾಕುವ ಬೋರ್ಡಿಗೆ ಅಕ್ಷರ ಬರೆದು ನೋಡಿದ. ಅದರಲ್ಲಿ ಎಲ್ಲೂ ತಪ್ಪು ಇಡಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು.

"ತಕ್ಷಣ ಅಂಗಡಿಗೆ ಬನ್ನಿ," ಎಂದರು ಸಾಹುಕಾರರು. ಅಷ್ಟೇ ಎಂದರು.

"ಒಪ್ಪಂದದ ಕಾಗದಕ್ಕಿರ್ಬೇಕು," ಎಂದಳು ಹೆಂಡತಿ. "ತಲೆ ಬಾಚ್ಕೊಂಡು ಹೋಗಿ."

* * *

ಅಂಗಡಿಯಲ್ಲಿ ಹಾಸಿಗೆಗಳ ನಡುವೆ ಪ್ರೆಸ್ಸಿನ ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಅವರ ಮುಂದೆ ಬಿಚ್ಚಿದ ಲೇಬಲ್ಲಿನ ಕಟ್ಟು. ಅದರ ಮುಂದೆ ಸಾಹುಕಾರರು.

"ಬನ್ನಿ, ಬನ್ನಿ. ನೀವೇ ನೋಡಿ, ಈ ಮನುಷ್ಯ ಏನು ಮಾಡಿದಾನೆ! ಬೆರಳೆಲ್ಲಿ?"

"ಯಾವ... ಬೆರಳು ಸಾರ್?"

"ಆರನೇ ಬೆರಳು ಕಣ್ರೀ! ನಮ್ಮಪ್ಪನ ಬೆರಳು!"

ಲೇಬಲ್ಲಪ್ಪನಿಗೆ ಹತ್ತಿರದ ಹಾಸಿಗೆಯ ಮೇಲೆ ಕುಳಿತುಕೊಳ್ಳುವುದು ಅನಿವಾರ್ಯವಾಯಿತು. ಬಹಳ ಮೆತ್ತನೆಯ ಹಾಸಿಗೆ. ಕುಳಿತಷ್ಟೂ ಒಳಗೆ ಹೋದ.

"ಈ ಅಂಗಡಿ ಶುರು ಮಾಡಿದ್ದು ನಮ್ಮಪ್ಪ," ಎಂದರು ಸಾಹುಕಾರರು. ದನಿ ಇಳಿದಿತ್ತು. "ಪ್ರತಿ ಹಾಸಿಗೆ ಮೇಲೂ ತಾವೇ ಒಂದು ನಿದ್ದೆ ಮಾಡಿ, ಆಮೇಲೇ ಮಾರ್ತಿದ್ರು. ಎಡಗಾಲಿಗೆ ಆರು ಬೆರಳು. ಚಿಕ್ಕವರಿದ್ದಾಗ ಎಲ್ಲಾ ನಕ್ಕಿದ್ರಂತೆ, ಅದಕ್ಕೆ ಹೊರಗಡೆ ಕಾಲುಚೀಲ ಬಿಚ್ಚಿದೋರೇ ಅಲ್ಲ. ಒಂದು ಫೋಟೋದಲ್ಲೂ ಆ ಪಾದ ಇಲ್ಲ. ಆದ್ರೆ ನಿದ್ದೆ ಬಂದ್ರೆ ಕಾಲು ತಾನಾಗೇ ಹೊದಿಕೆಯಿಂದ ಆಚೆ ಬರ್ತಿತ್ತು. ಹತ್ತು ಹಾಸಿಗೆ ಆಚೆಯಿಂದ ನೋಡಿ 'ಅಪ್ಪ ಅಲ್ಲಿದಾರೆ' ಅಂತ ನಾವು ಮಕ್ಕಳು ಓಡ್ತಿದ್ವಿ."

ಅವರು ಕನ್ನಡಕ ತೆಗೆದು ಒರೆಸಿದರು. ಬೆಳಗ್ಗೆಯೂ ಹೀಗೇ ಒರೆಸಿದ್ದರು.

"ನೀವು ಅವರನ್ನ ನೋಡಿದೋರಲ್ಲ. ಆದ್ರೂ ಯಾವ ಹಳೇ ಕೆಲಸಗಾರನ್ನ ಹುಡುಕಿ ವಿಚಾರಿಸಿದ್ರೋ, ಆ ಕಾಲು ಬರ್ಕೊಂಡು ಬಂದ್ರಿ. ಬೆಳಗ್ಗೆ ಅದರ ಬಗ್ಗೆ ನನಗೆ ಮಾತೇ ಹೊರಡ್ಲಿಲ್ಲ. ವರ್ಷದ ಕೆಲಸ ಅಲ್ಲ, ಇರೋ ತನಕ ಈ ಮನುಷ್ಯನಿಗೇ ಕೊಡ್ಬೇಕು ಅನ್ಕೊಂಡೆ." ಅವರು ಪ್ರೆಸ್ಸಿನ ಯಜಮಾನರ ಕಡೆ ತಿರುಗಿದರು. "ಇವನು ನೋಡಿದ್ರೆ ನನ್ನ ಸಹಿ ಇದ್ದದ್ದನ್ನ ಕತ್ತರಿಸಿದಾನೆ. ಯಾಕೆ ಅಂದ್ರೆ ಬಾಯಿ ಬಿಡ್ತಿಲ್ಲ. ಇವತ್ತಿಗೆ ಇವನದೂ ನಮ್ದೂ ಲೆಕ್ಕ ಮುಗೀತು. ನೀವೇನಂತೀರಿ?"

ಯಜಮಾನರು ಲೇಬಲ್ಲಪ್ಪನ ಕಡೆ ಒಮ್ಮೆ ನೋಡಿ, ಮಸಿ ಮೆತ್ತಿದ ತಮ್ಮ ಕೈಯನ್ನು ನೋಡಿಕೊಂಡರು.

ಲೇಬಲ್ಲಪ್ಪನ ಮುಂದೆ ದಾರಿ ಸುಲಭವಿತ್ತು. 'ಹೌದು ಸಾರ್, ಇವರದೇ ತಪ್ಪು' ಎಂದರೆ ಸಾಕು. ತಿರುವಿನ ಕೋಣೆ, ಬೋರ್ಡು, ಇರುವ ತನಕ ಕೆಲಸ. ಹಾಸಿಗೆಯಿಂದ ಏಳಲು ಹೋದ, ಮೊದಲ ಸಲ ಆಗಲಿಲ್ಲ. ಎರಡನೆಯ ಸಲಕ್ಕೆ ಎದ್ದು ನಿಂತ.

"ತೆಗೆದಿದ್ದು ನಾನು ಸಾರ್. ಬರೆದಿದ್ದೂ ನಿಮ್ಮಪ್ಪನ್ನ ನೆನೆಸ್ಕೊಂಡಲ್ಲ."

ಆಮೇಲೆ ಎಲ್ಲವನ್ನೂ ಹೇಳಿದ. ಕಿತ್ತಳೆ ಹಣ್ಣಿನಿಂದ ಶುರುಮಾಡಿ, ಕಪ್ಪು ಹಲ್ಲು, ಪೆಡಲ್ ಇಲ್ಲದ ಸೈಕಲ್ಲು, ನರ್ಸಕ್ಕನ ತನಕ. ಸಾಹುಕಾರರು ಮಧ್ಯೆ ಬಾಯಿ ಹಾಕಲಿಲ್ಲ.

"ಅಂದ್ರೆ, ನಾನು ತಪ್ಪು ಹುಡುಕ್ಲಿ ಅಂತ ಅದನ್ನ ಇಟ್ಟಿದ್ರಿ."

"ಹೌದು ಸಾರ್."

"ಬೇರೆ ಯಾವುದಕ್ಕೂ ಕೈ ಹಾಕದೇ ಇರ್ಲಿ ಅಂತ."

"...ಹೌದು ಸಾರ್."

"ನಾನು ಹುಡುಕ್ಲೇ ಇಲ್ಲ ಅಂತ ಇಡೀ ದಿನ ಒದ್ದಾಡಿದೀರ."

ಲೇಬಲ್ಲಪ್ಪ ತಲೆಯಾಡಿಸಿದ.

"ಪಾಪ," ಎಂದರು ಸಾಹುಕಾರರು. ಕೋಪವಿರಲಿಲ್ಲ, ಅದೇ ಭಯವಾಗುವ ಹಾಗಿತ್ತು. "ಮಾತು ಕೊಟ್ಟಿದೀನಿ, ವರ್ಷದ ಕೆಲಸ ನಿಮ್ಗೇ. ಯಜಮಾನ್ರೇ, ನಿಮ್ಮ ಮೇಲೆ ಕೂಗಾಡ್ದೆ, ಮನಸ್ಸಿಗೆ ಹಚ್ಕೋಬೇಡಿ. ಬೆರಳು ವಾಪಸ್ ಹಾಕಿ ಮತ್ತೆ ಪ್ರಿಂಟ್ ಮಾಡಿ. ಖರ್ಚು ಇವರ ಲೆಕ್ಕಕ್ಕೆ."

"ಆಗ್ಲಿ ಸಾರ್," ಎಂದ ಲೇಬಲ್ಲಪ್ಪ. ಖರ್ಚಾದರೂ ಕೆಲಸ ಉಳಿಯಿತಲ್ಲ ಎಂದು ಅವನ ಮೈ ಹಗುರವಾಯಿತು.

"ಇರಿ, ಮುಗಿದಿಲ್ಲ. ಇದು ನಮ್ಮಪ್ಪ ಅಂತ ಅಂದ್ಕೊಂಡು ನೋಡಿದ್ದಕ್ಕೆ ಬೆಳಗ್ಗೆ ಎಲ್ಲಾ ಸರಿಯಾಗಿ ಕಾಣ್ತು. ಈಗ ನೋಡಿದ್ರೆ..." ಅವರು ಲೇಬಲ್ಲನ್ನು ಕನ್ನಡಕದ ಹತ್ತಿರ ತಂದರು. "ಈ ಮೀಸೆ ನಮ್ಮಪ್ಪನದಲ್ಲ. ಅವರದು ತುದಿ ಕೆಳಗಿತ್ತು. ಗಲ್ಲ ಇನ್ನೂ ದಪ್ಪ. ಕೈ ಹೀಗಿರ್ತಿರ್ಲಿಲ್ಲ, ಕೆನ್ನೆ ಕೆಳಗಿರ್ತಿತ್ತು. ಕಿಟಕಿ ಯಾಕೆ ಆ ಕಡೆ ಇದೆ? ಇನ್ಮೇಲೆ ನೀವು ಬರೆಯೋದನ್ನೆಲ್ಲಾ ನನ್ನ ಮುಂದೆ ಕೂತು ಬರೀರಿ. ಒಂದೊಂದು ಗೆರೆನೂ ನೋಡ್ತೀನಿ. ಬೋರ್ಡು, ಚೀಲ, ಎಲ್ಲಾ. ಪೆನ್ಸಿಲ್ ತಂದಿದೀರ ತಾನೇ?"

"ಸಾರ್, ನಾಳೆ..."

"ನಾಳೆಗೆ ಮರೆತುಹೋಗುತ್ತೆ. ಅವರು ಹೆಂಗೆ ಮಲಗ್ತಿದ್ರು ಅಂತ ತೋರಿಸ್ತೀನಿ, ನೋಡಿ ಬರ್ಕೊಳ್ಳಿ."

ಸಾಹುಕಾರರು ಚಪ್ಪಲಿ ಬಿಟ್ಟು ಪಕ್ಕದ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದರು. ಕೈ ಕೆನ್ನೆಯ ಕೆಳಗೆ ಇಟ್ಟುಕೊಂಡರು. "ತಲೆ ಇಷ್ಟು ಬಾಗಿರ್ತಿತ್ತು. ದಿಂಬು ಎರಡು. ಭುಜ ಹೀಗೆ. ಮುಖ ಯಾವಾಗ್ಲೂ..."

ಲೇಬಲ್ಲಪ್ಪ ಪೆನ್ಸಿಲ್ ಹಿಡಿದು ಕಾದ. "ಯಾವ ಕಡೆ ಸಾರ್?"

ಉತ್ತರವಾಗಿ ಸಣ್ಣಗೆ ಗೊರಕೆ ಬಂತು.

"ಎಬ್ಬಿಸ್ಬೇಡಿ," ಎಂದು ಪಿಸುಗುಟ್ಟಿದರು ಪ್ರೆಸ್ಸಿನ ಯಜಮಾನರು, ಇನ್ನೊಂದು ಹಾಸಿಗೆಯ ಅಂಚಿನಲ್ಲಿ ಕುಳಿತುಕೊಳ್ಳುತ್ತ. "ಎದ್ರೆ ಇನ್ನೂ ಜ್ಞಾಪಕ ಬರುತ್ತೆ."

ಲೇಬಲ್ಲಪ್ಪ ಉಸಿರು ಬಿಗಿಹಿಡಿದು ಬರೆಯತೊಡಗಿದ. ತಲೆ, ಎರಡು ದಿಂಬು, ಕೆನ್ನೆಯ ಕೆಳಗಿನ ಕೈ, ಭುಜ. ಗೆರೆಗಳು ಚೆನ್ನಾಗಿ ಬಂದವು. ಇನ್ನೇನು ಮುಗಿಯಿತು ಎನ್ನುವಾಗ ಸಾಹುಕಾರರು ನಿದ್ದೆಯಲ್ಲೇ ಏನೋ ಗೊಣಗಿ, ಮಗ್ಗುಲು ಬದಲಾಯಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡರು.

ಲೇಬಲ್ಲಪ್ಪ ಕಾಗದವನ್ನು ಮಗುಚಿ ಹಾಕಿ, ಮೊದಲಿನಿಂದ ಶುರುಮಾಡಿದ.